ಕೈಯಲ್ಲೇ ಎರಡು ಸುತ್ತು

ನನಗೀಗ ಎಪ್ಪತ್ತೆಂಟು. ಇಷ್ಟು ವರ್ಷಗಳಲ್ಲಿ ನನ್ನ ಮೇಲೆ ಕೈ ಮಾಡಿದ ಗಂಡಸು ಒಬ್ಬನೇ ಒಬ್ಬ. ಅಪ್ಪ ಹೊಡೆಯುವವರಲ್ಲ. ನನ್ನ ಯಜಮಾನರು, ಪಾಪ, ಜಿರಲೆ ಹೊಡೆಯುವುದಕ್ಕೂ ನನ್ನನ್ನೇ ಕರೆಯುತ್ತಿದ್ದರು. ನನಗೆ ಹೊಡೆದದ್ದು ರಾಮನಗರದ ಒಬ್ಬ ಕಾರ್ ಮೆಕ್ಯಾನಿಕ್, ಅದೂ ಪ್ಲಾಸ್ಟರ್ ಸುತ್ತಿದ್ದ ಮುರಿದ ಕೈಯಿಂದ. ಏಟು ತಿಂದ ನಾನು ಸುಮ್ಮನೆ ನಿಂತಿದ್ದೆ, ಹೊಡೆದ ಆತ ನೋವಿಗೆ ಕಿರುಚಿ ನೆಲಕ್ಕೆ ಕೂತುಬಿಟ್ಟ.

ಹೋದ ತಿಂಗಳು ಆತ ತೀರಿಕೊಂಡ. ನಲವತ್ತು ದಿನ ಕಳೆಯುವ ಮೊದಲೇ ಆತನ ಹೆಂಡತಿ ಆಟೋ ಮಾಡಿಕೊಂಡು ನಮ್ಮ ಮನೆಗೆ ಬಂದು ಹಳೆ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಉದ್ದನೆಯದೊಂದು ಪೊಟ್ಟಣ ಕೊಟ್ಟು ಹೋದರು. ಅದು ಈಗ ನನ್ನ ಮೇಜಿನ ಮೇಲಿದೆ. ಅದನ್ನು ನೋಡುತ್ತಲೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲರಿಗೂ ಆತ ‘ಮೇಸ್ತ್ರಿ’. ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಗೂಡು ಬೇಯಿಸುವ ನೀರಿನ ವಾಸನೆ ಸದಾ ಬಡಿಯುವ ಕಡೆ, ಒಂದು ತಗಡಿನ ಶೆಡ್. ಆ ಶೆಡ್ಡಿಗೆ ಬೋರ್ಡ್ ಇರಲಿಲ್ಲ. ಬೋರ್ಡಿನ ಬದಲು ಬಾಗಿಲಿಗೆ ಅಡ್ಡಲಾಗಿ ಒಂದು ತಂತಿ. ಅದರಲ್ಲಿ ಮಾವಿನೆಲೆಯ ತೋರಣದ ಹಾಗೆ ಸಾಲಾಗಿ ನೇತುಹಾಕಿದ್ದ ಸೊಟ್ಟಗಾದ ಎಂಜಿನ್ ವಾಲ್ವುಗಳು. ಅಣಬೆಯ ಆಕಾರದ ಉಕ್ಕಿನ ಕಡ್ಡಿಗಳು. ಕೆಲವು ಬಾಗಿದ್ದವು, ಕೆಲವಕ್ಕೆ ತಲೆಯೇ ಇರಲಿಲ್ಲ. ಗಾಳಿ ಬಂದರೆ ಚರ್ಚಿನ ಚಿಕ್ಕ ಗಂಟೆಗಳ ಹಾಗೆ ಕಿಣಿಕಿಣಿ ಅನ್ನುತ್ತಿದ್ದವು. ಹೌ ಪ್ರೆಟಿ ಅಂದುಬಿಟ್ಟಿದ್ದೆ ಮೊದಲ ದಿನ.

“ಪ್ರೆಟಿನಾ? ಅವೆಲ್ಲಾ ಹೆಣ ಕಣಮ್ಮ” ಅಂದಿದ್ದ ಮೇಸ್ತ್ರಿ. “ಬೆಲ್ಟು ಬದ್ಲಾಯ್ಸಿ ಅಂದಾಗ ಬದ್ಲಾಯಿಸ್ದೇ ಇರೋರ್ ಗಾಡೀವು.”

ಆಮೇಲೆ ನನಗೆ ಪಾಠವಾಯಿತು. ಹಳೆಯ ಕಾರುಗಳ ಎಂಜಿನ್ನಿನೊಳಗೆ ಕಬ್ಬಿಣದ ಚೈನ್ ಇರುತ್ತಿತ್ತಂತೆ. ಆಮೇಲೆ ಬಂದವುಗಳಲ್ಲಿ ಒಳಮೈಗೆ ಹಲ್ಲಿರುವ ರಬ್ಬರ್ ಬೆಲ್ಟು. ಕೆಳಗೆ ಕ್ರ್ಯಾಂಕು, ಪಿಸ್ಟನ್ನುಗಳನ್ನು ಏರಿಸಿ ಇಳಿಸುತ್ತದೆ. ಮೇಲೆ ಕ್ಯಾಮು, ವಾಲ್ವುಗಳನ್ನು ತೆರೆದು ಮುಚ್ಚುತ್ತದೆ. ಕೆಳಗಿನದು ಎರಡು ಸುತ್ತು ಬಂದರೆ ಮೇಲಿನದು ಒಂದು ಸುತ್ತು, ಒಂದು ಹಲ್ಲೂ ಆಚೀಚೆ ಇಲ್ಲ. ಆ ಲೆಕ್ಕ ಕಾಯುವುದು ಈ ಬೆಲ್ಟು. ಮೇಸ್ತ್ರಿ ಬಲಗೈ ಮುಷ್ಟಿಯನ್ನು ಕೆಳಗಿನಿಂದ ಏರಿಸಿ, ಎಡಗೈ ಬೆರಳುಗಳನ್ನು ಮೇಲಿಂದ ಇಳಿಸಿ ತೋರಿಸಿದ. “ಇರೋದು ಒಂದೇ ಕೋಣೆ. ಅಣ್ಣ ಬರೋ ಒತ್ಗೆ ತಮ್ಮ ಆಚೆ ಓಗಿರ್ಬೇಕು. ಬೆಲ್ಟು ಕಿತ್ತೋದ್ರೆ?” ಮುಷ್ಟಿ ಬೆರಳುಗಳಿಗೆ ಧಡ್ ಎಂದು ಬಡಿಯಿತು. “ನಿಮಿಸಕ್ಕೆ ಎರಡ್ಸಾವಿರ ಏಟು. ಒಂದೇ ಏಟ್ಗೆ ಎಲ್ಲಾ ಮುಗೀತದೆ. ಗಾಡಿ ಓಡ್ತಾ ಓಡ್ತಾನೇ ಕಲ್ಲಾಗೋಯ್ತದೆ. ಅದೂ ಡೀಸೆಲ್ ಆದ್ರೆ ಕೇಳ್ಲೇಬ್ಯಾಡಿ.”

ತೆಳ್ಳಗೆ, ಉದ್ದಕ್ಕೆ, ಗೋರಂಟಿ ಹಚ್ಚಿದ ಗಡ್ಡದ ಆ ಮನುಷ್ಯ ಹುಟ್ಟಿದ್ದು ಚನ್ನಪಟ್ಟಣದ ಗೊಂಬೆ ಮಾಡುವ ಮನೆಯಲ್ಲಿ. ಇಪ್ಪತ್ತು ವರ್ಷ ತುಂಬುವವರೆಗೆ ಬಿಲ್ಲಿನಿಂದ ತಿರುಗಿಸುವ ಹಳೆಯ ಲೇತಿನ ಮುಂದೆ ಕೂತು ಬುಗುರಿ, ಗಿಲಕಿ ಕಡೆದಿದ್ದ. ಮೆಕ್ಯಾನಿಕ್ ಆದಮೇಲೂ ಜೇಬಿನಲ್ಲಿ ಬೀಡಿಯ ಜೊತೆ ಗೊಂಬೆಗೆ ಬಣ್ಣ ಹಚ್ಚುವ ಮೂರು ಅರಗಿನ ಕಡ್ಡಿ ಇದ್ದೇ ಇರುತ್ತಿದ್ದವು. ಬೆಲ್ಟು ಬಿಚ್ಚುವ ಮೊದಲು ಕಡ್ಡಿಯ ತುದಿಯನ್ನು ಬೆಂಕಿಗೆ ತಾಗಿಸಿ, ಕ್ರ್ಯಾಂಕಿನ ಹಲ್ಲಿಗೆ ಕೆಂಪು ಚುಕ್ಕೆ, ಕ್ಯಾಮಿಗೆ ಹಳದಿ, ಡೀಸೆಲ್ ಪಂಪಿನ ಚಕ್ರಕ್ಕೆ ಹಸಿರು. ಉಳಿದ ಮೆಕ್ಯಾನಿಕ್ಕುಗಳು ಬಿಳಿ ಪೇಂಟ್ ಬಳಿಯುತ್ತಿದ್ದರು. “ಪೇಂಟು ಎಣ್ಣೇಲಿ ಅಳಿಸೋಯ್ತದೆ. ಅರಗು ಮರ್ಯಾದಸ್ತ” ಅನ್ನುತ್ತಿದ್ದ.

ಮರ್ಯಾದೆ ಇಲ್ಲದ್ದು ಆತನ ಕೈಗೆ ಮಾತ್ರ. ಒಬ್ಬರು ಹೊಸ ಬೆಲ್ಟನ್ನು ಮಡಿಸಿ ಪ್ಯಾಂಟಿನ ಜೇಬಿಗೆ ತುರುಕಿಕೊಂಡು ತಂದಿದ್ದರು. ಮಡಿಸಿದರೆ ಬೆಲ್ಟಿನ ಒಳಗಿನ ದಾರ ಮುರಿಯುತ್ತದೆ, ಅದು ಅಲ್ಲಿಗೇ ಸತ್ತ ಹಾಗೆ. ಮೇಸ್ತ್ರಿ ಮಾತಾಡದೆ ಅದನ್ನು ಬಿಡಿಸಿ, ಅದರಿಂದಲೇ ಅವರ ಬೆನ್ನಿಗೆ ಎರಡು ಬಾರಿಸಿದ. ಅವರು ಬ್ಯಾಂಕಿನಲ್ಲಿ ಆಫೀಸರ್! “ಸೌಂಡೇ ಬರ್ತಿಲ್ಲ, ಯಾಕೆ ಚೇಂಜ್ ಮಾಡ್ಬೇಕು?” ಎಂದು ಕೇಳಿದ ಇನ್ನೊಬ್ಬರ ಕಾಲ ಬಳಿ ಸ್ಪ್ಯಾನರ್ ಬಂದು ಬಿತ್ತು. “ಸೌಂಡು ಮಾಡ್ದೇ ಸಾಯೋದೇ ಅದರ ಜಾತಿ ಕಣ್ರೀ!” ಹುಡುಗರು ಯಾರೂ ಕೆಲಸಕ್ಕೆ ನಿಲ್ಲುತ್ತಿರಲಿಲ್ಲ. ಬಂದವರು ವಾರದೊಳಗೆ ಕೆನ್ನೆ ಹಿಡಿದುಕೊಂಡು ಓಡಿಹೋಗಿದ್ದರು.

ಬ್ರೂಟ್ ಅಂತ ನಾನು ಮನಸ್ಸಿನಲ್ಲಿ ಬೈದುಕೊಂಡಿದ್ದೇನೆ. ಆದರೆ ಐ ಮಸ್ಟ್ ಕನ್ಫೆಸ್, ಬೈಯುವ ಯೋಗ್ಯತೆ ನನಗಿರಲಿಲ್ಲ. ನಾನು ಕಾನ್ವೆಂಟ್ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ನನ್ನ ಬ್ಯಾಗಿನಲ್ಲಿ ಹಿತ್ತಾಳೆ ಅಂಚಿನ ಒಂದು ಮರದ ಫುಟ್ ರೂಲರ್ ಇರುತ್ತಿತ್ತು. ಬೆಂಗಳೂರಿನ ಬೋರ್ಡಿಂಗಿನಲ್ಲಿ ನನ್ನ ಗೆಣ್ಣುಗಳಿಗೆ ಬಡಿಯುತ್ತಿದ್ದ ಸಿಸ್ಟರ್ ಒಬ್ಬರು ನಾನು ಟೀಚರ್ ಆದಾಗ ಪ್ರೀತಿಯಿಂದ ಕೊಟ್ಟದ್ದು. ಇಪ್ಪತ್ತೈದು ವರ್ಷ ನಾನೂ ಬಡಿದೆ, ಅಂಚಿನಿಂದ, ಗೆಣ್ಣಿಗೆ, ಸ್ಪೆಲಿಂಗಿಗೆ, ಹೋಮ್‌ವರ್ಕಿಗೆ. “ಹ್ಯಾಂಡ್ಸ್ ಔಟ್” ಅಂದರೆ ಮಕ್ಕಳು ಎರಡೂ ಕೈ ಚಾಚಬೇಕು. ಡಿಸಿಪ್ಲಿನ್, ಮೈ ಡಿಯರ್, ಡಿಸಿಪ್ಲಿನ್!

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಯಜಮಾನರು ಹೋದಮೇಲೆ ಅವರ ಡೀಸೆಲ್ ಕಾರನ್ನು ನಾನೇ ಓಡಿಸುತ್ತಿದ್ದೆ. ವಾರದಲ್ಲಿ ಮೂರು ದಿನ ರಾಮನಗರದ ಕ್ಲಾಸು, ಎರಡು ದಿನ ನಮ್ಮ ಕಾನ್ವೆಂಟಿನದೇ ಕನಕಪುರದ ಶಾಖೆ. ಮೇಸ್ತ್ರಿ ಬೆಲ್ಟು ಬದಲಾಯಿಸಲೇಬೇಕೆಂದು ಹಟ ಹಿಡಿದಿದ್ದರಿಂದ ಒಂದು ಶನಿವಾರ ಕಾರು ಬಿಟ್ಟೆ. ನನ್ನದರ ಹಳೆಯ ಬೆಲ್ಟು ಬಿಚ್ಚಿ, ಮೂರು ಚುಕ್ಕೆಗಳನ್ನಿಟ್ಟು, ಹೊಸದನ್ನು ಇನ್ನೂ ಹಾಕದೆ, ಮೊದಲೇ ಬಂದಿದ್ದ ಇನ್ನೊಂದು ಗಾಡಿ ಮುಗಿಸುತ್ತಿದ್ದ. ಅದು ಕನಕಪುರ ರಸ್ತೆಯ ಒಂದು ಕಲ್ಲು ಕ್ವಾರಿಯ ಧಣಿಯ ಮಗನದು. ಇಪ್ಪತ್ತೈದರ ಯುವಕ, ಕುತ್ತಿಗೆಯಲ್ಲಿ ದಪ್ಪ ಚೈನು.

ಆ ಗಾಡಿಗೆ ಹೊಸ ಬೆಲ್ಟು ಕೂತಿತ್ತು. ಇನ್ನುಳಿದದ್ದು ಮೇಸ್ತ್ರಿಯ ಕಟ್ಟುನಿಟ್ಟಿನ ಶಾಸ್ತ್ರ. ಕೀಲಿ ಮುಟ್ಟುವ ಮೊದಲು ಉದ್ದನೆಯ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಚುಕ್ಕೆಗಳು ಮತ್ತೆ ತಮ್ಮ ಜಾಗಕ್ಕೆ ಬಂದವೇ ಎಂದು ನೋಡಬೇಕು. ಹಲ್ಲು ತಪ್ಪಿದ್ದರೆ ಕೈಗೆ ತಡೆ ಸಿಗುತ್ತದೆ, ನಿಲ್ಲಿಸಬಹುದು. ಕೀಲಿ ತಿರುಗಿಸಿದರೆ ಸ್ಟಾರ್ಟರು ನಿಲ್ಲಿಸುವುದಿಲ್ಲ, ಒಡೆಯುತ್ತದೆ. ಯುವಕನಿಗೆ ಅವಸರ. ಕಿಟಕಿಯೊಳಗೆ ಕೈ ಹಾಕಿ ಕೀಲಿ ಹಿಡಿದ. ಮೇಸ್ತ್ರಿ ಹಾರಿಬಂದು ಕಾಲರ್ ಹಿಡಿದು ಎಳೆದು ಕೆನ್ನೆಗೆ ಎರಡು ಬಿಟ್ಟ. ಎದುರು ಟೀ ಅಂಗಡಿಯಲ್ಲಿದ್ದ ಹತ್ತು ಜನ ನೋಡಿದರು. ಯಾರೋ ನಕ್ಕರು. ಆ ನಗುವೇ ತಂದಿಟ್ಟಿತು ಎಲ್ಲವನ್ನೂ.

“ನಿಮ್ಮಪ್ಪನ್ ಗಾಡಿನೇ ಇರ್ಬೋದು ಕಣ್ಲಾ, ಎರಡು ಸುತ್ತು ಆಗೋಗಂಟ ಅದು ನಂದು!”

ಮಾರನೆಯ ದಿನ ಭಾನುವಾರ, ಬೆಳಗ್ಗೆ ಹತ್ತರ ಬಿಸಿಲಿನಲ್ಲಿ, ನಾನು ಕಾರು ವಿಚಾರಿಸಲು ಹೋಗಿ ನಿಂತಿದ್ದೆ. ಜೀಪು ಬಂತು. ನಾಲ್ಕು ಜನ ಇಳಿದರು. ಒಂದು ಮಾತಿಲ್ಲ. ಇಬ್ಬರು ಮೇಸ್ತ್ರಿಯನ್ನು ತಳ್ಳಿಕೊಂಡು ಹೋಗಿ ಆತನದೇ ಬೆಂಚಿನ ಮೇಲೆ, ಕಬ್ಬಿಣವನ್ನು ಕಚ್ಚಿ ಹಿಡಿಯುವ ಆ ದೊಡ್ಡ ವೈಸಿನ ದವಡೆಯೊಳಗೆ ಬಲಗೈ ಇಟ್ಟರು. ಹಿಡಿ ತಿರುಗಿಸಲು ಮುಂದೆ ಬಂದವನು ಅದೇ ಯುವಕ. ಆಗ ಆ ಮುಖವನ್ನು ಪಕ್ಕದಿಂದ ನೋಡಿದೆ, ಗುರುತು ಸಿಕ್ಕಿತು. ನನ್ನ ಆರನೇ ಕ್ಲಾಸು, ಮೂರನೇ ಬೆಂಚು.

“ಸ್ಟಾಪ್ ಇಟ್!” ಎಂದು ಕೂಗಿದೆ, ಕ್ಲಾಸಿನ ದನಿಯಲ್ಲಿ.

ಯುವಕ ನಿಂತ. ಸತ್ಯವಾಗಿ ಒಂದು ಕ್ಷಣ ನಿಂತ, ಬೆನ್ನು ನೆಟ್ಟಗೆ ಮಾಡಿಕೊಂಡು, ಹುಡುಗನ ಹಾಗೆ. ತಿರುಗಿ ನನ್ನನ್ನು ನೋಡಿದ. ಆಮೇಲೆ ಹಿಡಿಯನ್ನು ತಿರುಗಿಸಿದ. ಹಸಿ ಕಡ್ಡಿ ಮುರಿದಂಥ ಶಬ್ದ, ಒಂದಲ್ಲ, ಸಾಲಾಗಿ. ಮೇಸ್ತ್ರಿ ಕೂಗಲಿಲ್ಲ. ಬಾಯಿಯಿಂದ ಬರೀ ಗಾಳಿ ಬಂತು.

“ಈ ಶೆಡ್ಡಿಂದ ಇನ್ನೊಂದ್ ಗಾಡಿ ಓಡ್ಕೊಂಡ್ ಆಚೆ ಬಂದ್ರೆ ಎಡಗೈನೂ ಇಲ್ಲೇ ಇಡ್ತೀನಿ” ಎಂದು ಯುವಕ ಹೇಳಿದ, ಜೀಪು ಹೊರಟುಹೋಯಿತು. ವೈಸು ಬಿಚ್ಚಿದ್ದು ನಾನು. ಎಡಕ್ಕೋ ಬಲಕ್ಕೋ ತಿಳಿಯದೆ ಮೊದಲು ತಪ್ಪು ಕಡೆಗೆ ತಿರುಗಿಸಿಬಿಟ್ಟೆ.

ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಸ್ತ್ರಿ ಕಂಪ್ಲೇಂಟ್ ಕೊಡಲು ಒಪ್ಪಲಿಲ್ಲ. ಬೆಲ್ಟಿಲ್ಲದೆ ಬಾಯಿ ತೆರೆದು ನಿಂತಿದ್ದ ನನ್ನ ಕಾರಿನ ಮುಂದೆ ಸ್ಟೂಲ್ ಹಾಕಿಕೊಂಡು ವಾರವಿಡೀ ಕೂತ. ಯಾರಾದರೂ ಬಂದು ಚಕ್ರ ಮುಟ್ಟಿ ಚುಕ್ಕೆ ಅಲುಗಿಸಿಯಾರೆಂಬ ಕಾವಲು. ಊರಿನ ಬೇರೆ ಯಾವ ಮೆಕ್ಯಾನಿಕ್ಕೂ ಆ ಗಲ್ಲಿಗೆ ಬರಲು ತಯಾರಿರಲಿಲ್ಲ.

“ಬೆಂಗ್ಳೂರಿಗೆ ಟೋ ಮಾಡಿಸ್ತೀನಿ ಮೇಸ್ತ್ರಿ. ಯಾಕೆ ನಿಮ್ಗೆ ಈ ಅಪಾಯ?” ಅಂದೆ.

“ಎಳ್ಕೊಂಡೋದ್ರೆ ಶೆಡ್ಡಿಗೆ ಬೀಗ ಹಾಕ್ದಂಗೇ ಟೀಚರಮ್ಮ. ಅವ್ನು ಗೆದ್ದಂಗೆ. ಆಮ್ಯಾಕೆ ಇಲ್ಲಿಗ್ ಯಾರ್ ಬತ್ತಾರೆ? ಈ ಗಾಡಿ ಇಲ್ಲಿಂದ ಓಡ್ಕೊಂಡೇ ಓಗ್ಬೇಕು.”

“ಮಾಡೋರು ಯಾರು?”

ನನ್ನ ಕೈಗಳನ್ನು ನೋಡಿದ. “ಆ ಕೈಗೆ ಏನ್ ಬಂದೈತೆ ರೋಗ?”

ಹಾಗೆ ಮುಂದಿನ ಭಾನುವಾರ, ಐವತ್ತು ದಾಟಿದ ಒಬ್ಬ ಕಾನ್ವೆಂಟ್ ಟೀಚರ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಳೆ ತೆಗೆದಿಟ್ಟು, ಎಂಜಿನ್ನಿಗೆ ಬಾಗಿದಳು. ವೆರಿ ಅನ್‌ಲೇಡಿಲೈಕ್. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಬೈಯತೊಡಗಿದ. “ಬ್ಯಾಟ್ರಿ ವೈರು ಮೊದ್ಲು ಬಿಚ್ಚಿ. ಕೈ ಒರ್ಸ್ಕಳಿ, ಬೆಲ್ಟಿಗೆ ಎಣ್ಣೆ ಸೋಕಿದ್ರೆ ಕೊಳೀತದೆ. ಚುಕ್ಕೆ ಮೂರೂ ಎಂಜಿನ್ ಮೈಮೇಲಿನ್ ಗೀಟಿಗೆ ನಿಂತವಾ? ಕಣ್ಣಿಟ್ಟು ನೋಡ್ರೀ, ಬುಕ್ಕು ಕರೆಕ್ಷನ್ ಅಲ್ಲ ಇದು!” ಬೆಲ್ಟನ್ನು ಮೊದಲು ಕೆಳಗೆ ಕ್ರ್ಯಾಂಕಿಗೆ ಹಾಕಬೇಕು, ಅಲ್ಲಿಂದ ಸಡಿಲ ಬಿಡದೆ ಎಳೆದು ಹಿಡಿದು ಪಂಪಿಗೆ, ಆಮೇಲೆ ಕ್ಯಾಮಿಗೆ. ಉಳಿದ ಸಡಿಲವೆಲ್ಲ ಕೊನೆಗೆ ಬಿಗಿ ಮಾಡುವ ರಾಟೆಯ ಕಡೆಗೆ ಬರಬೇಕು. ಹಳೆಯ ರಾಟೆಯಲ್ಲಿ ಗರಗರ ಇತ್ತೆಂದು ಅದನ್ನೂ ಬದಲಾಯಿಸಿದೆವು. ಬಿಗಿಯಾದಮೇಲೆ ಉದ್ದನೆಯ ಭಾಗವನ್ನು ಎರಡು ಬೆರಳಲ್ಲಿ ಹಿಡಿದು ತಿರುಚಿದರೆ ಕಾಲು ಸುತ್ತು ತಿರುಗಬೇಕು. ಹೆಚ್ಚು ತಿರುಗಿದರೆ ಸಡಿಲ, ತಿರುಗದಿದ್ದರೆ ವಿಪರೀತ ಬಿಗಿ. ನನ್ನ ಉಗುರು ಎರಡು ಮುರಿದವು. ಗೆಣ್ಣು ಸುಲಿದು ರಕ್ತ ಬಂತು. ಆತ ಒಂದು ಸಾರಿಯೂ “ಪರವಾಗಿಲ್ಲ” ಅನ್ನಲಿಲ್ಲ.

ಕೊನೆಗೆ ಎರಡು ಸುತ್ತು. ಸ್ಪ್ಯಾನರ್ ಹಾಕಿ ಗಡಿಯಾರದ ಮುಳ್ಳಿನ ದಿಕ್ಕಿಗೆ ಎಳೆದೆ. ಒಂದು ಸುತ್ತು. ಎರಡನೆಯದು ಮುಗಿಯುವಾಗ ಕೆಂಪು ಚುಕ್ಕೆ ಗೀಟನ್ನು ಕಡ್ಡಿಯಷ್ಟು ದಾಟಿತು. ಅಷ್ಟೇ ತಾನೇ ಎಂದು ಸರಿಪಡಿಸಲು ಸ್ಪ್ಯಾನರನ್ನು ಸ್ವಲ್ಪ ಹಿಂದಕ್ಕೆ ಎಳೆದೆ.

ಪ್ಲಾಸ್ಟರಿನ ಕೈ ನನ್ನ ಮಣಿಕಟ್ಟಿಗೆ ಬಂದು ಬಡಿಯಿತು. ಸ್ಪ್ಯಾನರ್ ಎಲ್ಲಿಗೋ ಹಾರಿತು. ಪ್ಲಾಸ್ಟರು ಬಿರುಕು ಬಿಟ್ಟು ಒಳಗಿನಿಂದ ಕೆಂಪು ಇಣುಕಿತು. ವೈಸಿನಲ್ಲಿ ಕೂಗದವನು ಈಗ ಕೂಗಿಕೊಂಡ. ನೆಲಕ್ಕೆ ಕೂತು, ಕೈಯನ್ನು ಎದೆಗೆ ಅವಚಿಕೊಂಡು, ಹಲ್ಲು ಕಚ್ಚಿಕೊಂಡೇ ಹೇಳಿದ.

“ಹಿಂದಕ್ಕೆ ತಿರುಗಿಸ್ಬ್ಯಾಡ ಅಂತ ಹೇಳಿರ್ನಿಲ್ವಾ!”

ಹೇಳಿರಲಿಲ್ಲ. ಈಗ ಹೇಳಿದ. ಎಂಜಿನ್ ಒಂದೇ ದಿಕ್ಕಿಗೆ ತಿರುಗುವ ಪ್ರಾಣಿ. ಹಿಂದಕ್ಕೆ ಎಳೆದರೆ ಬೆಲ್ಟಿನ ಬಿಗಿ ಕಡೆ ಸಡಿಲವಾಗಿ ಒಂದು ಹಲ್ಲು ಹಾರಬಹುದು. ಗೊಂಬೆಯ ಲೇತು ಹಾಗಲ್ಲ. ಬಿಲ್ಲು ಎಳೆದರೆ ಮರ ಮುಂದಕ್ಕೆ, ಬಿಟ್ಟರೆ ಹಿಂದಕ್ಕೆ. ದಿನಕ್ಕೆ ಸಾವಿರ ಸಲ ಮುಂದೆ, ಸಾವಿರ ಸಲ ಹಿಂದೆ. ಹಿಂದಕ್ಕೆ ಹೋದರೆ ಏನೂ ಕೆಡುವುದಿಲ್ಲ.

“ನಾನ್ ಹಾಕಿದ್ ಮೊದಲ್ನೇ ಬೆಲ್ಟು ಟೀಚರಮ್ಮ. ಚುಕ್ಕೆ ಒಸಿ ದಾಟ್ತು. ಲೇತಿನ್ ಕೈ, ಕೇಳ್ಬೇಕಾ, ತಾನಾಗೇ ಹಿಂದಕ್ಕೆಳೀತು. ಹಲ್ಲು ಹಾರಿದ್ದು ಗೊತ್ತಾಗ್ನಿಲ್ಲ. ಸ್ಟಾರ್ಟ್ ಆಯ್ತು. ಒಸಿ ಹೊಗೆ ಬಂತು, ಸರಿಹೋಯ್ತದೆ ಅಂದೆ. ನನ್ ತಮ್ಮ, ಡ್ರೈವರ್ರು, ತಕ್ಕೊಂಡು ಓದ. ಕನಕಪುರದ್ ರೋಡಲ್ಲಿ ಕಲ್ಲಿನ್ ಲಾರಿ ಓವರ್‌ಟೇಕ್ ಮಾಡುವಾಗ ಮಿಕ್ಕಿದ್ ಹಲ್ಲೂ ಹಾರ್ತು. ಗಾಡಿ ನಡುರೋಡಲ್ಲೇ ಸತ್ತೋಯ್ತು. ಎದ್ರುಗಡೆ ಇನ್ನೊಂದು ಲಾರಿ.” ಬಾಗಿಲ ಕಡೆ ಗಡ್ಡ ಎತ್ತಿ ತೋರಿಸಿದ. “ಮೊದಲ್ನೇದು, ಎಡತುದೀದು, ಆ ಗಾಡೀದು.”

ತೋರಣದ ಎಡತುದಿಯ ವಾಲ್ವು ಗಾಳಿಗೆ ಅಲುಗುತ್ತಿತ್ತು. ನಾನು ಪ್ರೆಟಿ ಅಂದಿದ್ದೆ.

“ಈಗೇನು ಮಾಡ್ಲಿ?” ಅಂದೆ, ಮಣಿಕಟ್ಟು ಉಜ್ಜಿಕೊಳ್ಳುತ್ತಾ.

“ಎಲ್ಲಾ ಬಿಚ್ಚಿ. ಮೊದ್ಲಿಂದ.”

ಬಿಚ್ಚಿದೆ. ಮೊದಲಿಂದ ಹಾಕಿದೆ. ಮತ್ತೆ ಎರಡು ಸುತ್ತು. ಮತ್ತೆ ಚುಕ್ಕೆ ಕಡ್ಡಿಯಷ್ಟು ದಾಟಿತು. ಸ್ಪ್ಯಾನರನ್ನು ಅಲ್ಲೇ ಹಿಡಿದು ಆತನ ಮುಖ ನೋಡಿದೆ.

“ದಾಟೋದ್ರೆ ದಾಟೋಗ್ಲಿ. ಮುಂದಕ್ಕೇ ಇನ್ನೆರಡು ಸುತ್ತು ತಿರುಗ್ಸಿ ಬನ್ನಿ. ಬಂದೇ ಬತ್ತದೆ.”

ಬಂತು. ಕೆಂಪು ಕೆಂಪಿನ ಜಾಗಕ್ಕೆ, ಹಳದಿ ಹಳದಿಯ ಜಾಗಕ್ಕೆ, ಹಸಿರು ಹಸಿರಿನ ಜಾಗಕ್ಕೆ. ಬ್ಯಾಟರಿಯ ವೈರು ಸಿಕ್ಕಿಸಿ ಕೀಲಿ ತಿರುಗಿಸಿದೆ. ಎಂಜಿನ್ ಕೆಮ್ಮಿತು, ಹಿಡಿಯಿತು. ಮೇಸ್ತ್ರಿ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ. “ಓಗಿ” ಅಂದ.

ಗಲ್ಲಿಯ ಬಾಯಲ್ಲಿ ಜೀಪು ಅಡ್ಡ ನಿಂತಿತ್ತು. ಯಾರೋ ಹೋಗಿ ಹೇಳಿದ್ದರು. ಕ್ವಾರಿಯ ಧಣಿಯ ಮಗ ಕಬ್ಬಿಣದ ರಾಡ್ ಹಿಡಿದು ಕಾರಿನ ಎದುರು ಬಂದ. ಹಿಂದೆ ಶೆಡ್ಡಿನ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದದ್ದು ಕನ್ನಡಿಯಲ್ಲಿ ಕಾಣಿಸಿತು, ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು. ಆ ಧೈರ್ಯಸ್ಥ ಹೆದರಿದ್ದನ್ನು ನೋಡಿದ್ದು ಆವತ್ತೊಂದೇ ಸಲ.

ನಾನು ಎಂಜಿನ್ ಆಫ್ ಮಾಡಲಿಲ್ಲ. ಗ್ಲಾಸ್ ಇಳಿಸಿದೆ.

“ಮಿಸ್, ನೀವ್ ಇದ್ರಲ್ಲಿ ಬರ್ಬೇಡಿ. ಗಾಡಿ ಯಾರ್ ಮಾಡಿದ್ದು? ಎಡಗೈಯಲ್ಲಿ ಅವ್ನೇ ಮಾಡಿದ್ನಾ?”

“ನಾನು ಮಾಡಿದ್ದು.”

“ಸುಳ್ ಹೇಳ್ಬೇಡಿ ಮಿಸ್.”

ಕಿಟಕಿಯ ಆಚೆಗೆ ಎರಡೂ ಕೈ ಚಾಚಿದೆ, ಅಂಗೈ ಕೆಳಗಾಗಿ, ಗೆಣ್ಣು ಮೇಲಾಗಿ. ಗ್ರೀಸು, ರಕ್ತ, ಮುರಿದ ಉಗುರು, ಬಾತ ಮಣಿಕಟ್ಟು. ಚಾಚಿದಮೇಲೆ ಗೊತ್ತಾಯಿತು ಅದು ಯಾವ ಭಂಗಿ ಎಂದು. ಆತನಿಗೂ ಗೊತ್ತಾಯಿತು.

“ಹೊಡೀಬೇಕಾದ್ದು ಈ ಕೈಗೆ. ಹೊಡಿ” ಅಂದೆ. “ನಾನು ನಿನಗೆ ಎಷ್ಟು ಸಲ ಹೊಡೆದಿದ್ದೀನಿ?”

“ಲೆಕ್ಕ ಇಟ್ಟಿಲ್ಲ ಮಿಸ್.” ದನಿ ಒಡೆದಿತ್ತು. “ಚಳಿಗಾಲದಲ್ಲಿ ಜಾಸ್ತಿ ಉರೀತಿತ್ತು.”

ರಾಡ್ ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ, ಕೈ ಹಿಂದೆ ತೆಗೆಯಲಿಲ್ಲ. ಗಾಜು ಒಡೆದ ಸದ್ದು ಬಂತು. ಕಣ್ಣು ತೆರೆದರೆ ನನ್ನ ಎಡಗಡೆಯ ಹೆಡ್‌ಲೈಟ್ ಚೂರುಚೂರಾಗಿತ್ತು. ಬಾನೆಟ್ಟಿಗೆ ಇನ್ನೆರಡು ಏಟು ಬಿದ್ದವು, ತಗಡು ಕುಸಿಯಿತು. ಆಮೇಲೆ ರಾಡನ್ನು ಚರಂಡಿಗೆ ಎಸೆದು ಜೀಪನ್ನು ಪಕ್ಕಕ್ಕೆ ತೆಗೆದ. ನಾನು ಹೊರಟೆ. ರೈಲ್ವೆ ಸ್ಟೇಷನ್ ದಾಟುವವರೆಗೂ ಕಿವಿ ಎಂಜಿನ್ನಿನ ಮೇಲೇ ಇತ್ತು. ಅದು ಒಂದು ಸಲವೂ ತಡವರಿಸಲಿಲ್ಲ.

ಮತ್ತೆ ಅವರು ಶೆಡ್ಡಿಗೆ ಬರಲಿಲ್ಲ. ಊರಿನವರು ಒಬ್ಬೊಬ್ಬರಾಗಿ ಬಂದರು. ಮೇಸ್ತ್ರಿಯ ಬಲಗೈ ಬೆರಳುಗಳು ಎರಡು ಸೊಟ್ಟಗೆ ಕೂಡಿಕೊಂಡವು. ಎಡಗೈ ಕಲಿಯಿತು. ಹೊಡೆಯುವುದನ್ನೂ ಕಲಿಯಿತು, ಬಿಡಿ. ಆತ ಸಾಧುವಾದ ಎಂದು ಬರೆದರೆ ಸುಳ್ಳಾಗುತ್ತದೆ. ಹೊಡೆತ ಹೊಡೆತವೇ, ಅದಕ್ಕೆ ನಾನು ಸರ್ಟಿಫಿಕೇಟ್ ಕೊಡುವುದಿಲ್ಲ. ಆದರೆ ಆತ ಹೊಡೆದದ್ದೆಲ್ಲ ಒಬ್ಬ ತಮ್ಮನ ಸಲುವಾಗಿ. ನಾನು ಯಾರ ಸಲುವಾಗಿ ಹೊಡೆದೆ? ‘ನೆಸೆಸರಿ’ಯಲ್ಲಿ ಒಂದು ಎಸ್ ಬಿಟ್ಟರೆ ಯಾವ ಲಾರಿಯ ಕೆಳಗೆ ಯಾರು ಸಾಯುತ್ತಾರೆ?

ನಾನು ಕಾರು ಓಡಿಸಿಕೊಂಡು ಬಂದ ಮಾರನೆಯ ದಿನ ಕ್ಲಾಸಿನಲ್ಲಿ ಹೋಮ್‌ವರ್ಕ್ ಮರೆತ ಹುಡುಗಿಯೊಬ್ಬಳು ನಾನು ಕೇಳುವ ಮೊದಲೇ ಎದ್ದು ಎರಡೂ ಕೈ ಚಾಚಿದಳು. ಬಾತ ಮಣಿಕಟ್ಟಿನಿಂದ ಅವನ್ನು ಕೆಳಗಿಳಿಸಿದೆ. ಸಂಜೆ ರೂಲರನ್ನು ತೆಗೆದುಕೊಂಡು ಹೋಗಿ ಮೇಸ್ತ್ರಿಯ ಬೆಂಚಿನ ಮೇಲಿಟ್ಟೆ.

“ಇದ್ಯಾಕೆ?”

“ನನಗೆ ಬೇಡ. ಒಲೆಗೆ ಹಾಕಿ.”

ಆತ ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೇರ ನೋಡಿದ. “ಒಳ್ಳೇ ಮರ” ಅಂದ, ಗೊಂಬೆ ಮನೆಯವನ ದನಿಯಲ್ಲಿ. ಅಷ್ಟೇ.

ಪೊಟ್ಟಣದಲ್ಲಿ ಇದ್ದದ್ದು ಆ ರೂಲರು. ಆತ ಒಲೆಗೆ ಹಾಕಿರಲಿಲ್ಲ. ಬೆಲ್ಟಿನ ಸಡಿಲ ಅಳೆಯಲು, ಚಕ್ರದಿಂದ ಚಕ್ರಕ್ಕೆ ನೇರ ನೋಡಲು, ಇಪ್ಪತ್ತಕ್ಕೂ ಹೆಚ್ಚು ವರ್ಷ ಎಡಗೈಯಲ್ಲಿ ಹಿಡಿದಿದ್ದನಂತೆ. ಹೆಂಡತಿ ಹೇಳಿದರು, “ಟೀಚರಮ್ಮಂಗೇ ವಾಪಸ್ ಕೊಡು ಅಂದವ್ರೆ.” ಮರ ಎಣ್ಣೆ ಕುಡಿದು ಕಪ್ಪಾಗಿದೆ. ಇಂಚುಗಳ ಗುರುತು ಅಳಿಸಿಹೋಗಿ, ಆ ಜಾಗದಲ್ಲಿ ಆತನದೇ ಅಳತೆಯ ಅರಗಿನ ಚುಕ್ಕೆಗಳು, ಕೆಂಪು, ಹಳದಿ, ಹಸಿರು. ಗೆಣ್ಣಿಗೆ ತಾಗುತ್ತಿದ್ದ ಹಿತ್ತಾಳೆಯ ಅಂಚು ಮಾತ್ರ ಇಲ್ಲ. ಅದನ್ನು ಕಿತ್ತು, ಆ ಜಾಗವನ್ನು ಗೊಂಬೆಗೆ ಕೊಡುವ ಹಾಗೆ ನುಣ್ಣಗೆ ತೀಡಿ, ಅರಗು ಹಚ್ಚಿದ್ದಾನೆ. ಬೆರಳು ಎಳೆದು ನೋಡಿದೆ. ಎಲ್ಲೂ ತಾಗುವುದಿಲ್ಲ.